ಅಟ್ಟದ ಮೇಲಿನ ಕುಂಬಳ: ಮಲೆನಾಡಿನ ಸಣ್ಣ ಹಿಡುವಳಿಯಲ್ಲಿ ಶರತ್ಕಾಲದ ತರಕಾರಿಯ ಸಂಗ್ರಹ ಮತ್ತು ಪಾಕ

೧

ನಮ್ಮ ನಾಡಿನ ಕೃಷಿಯ ಇತಿಹಾಸವನ್ನು ಬರೆದವರು ಬಹುಮಟ್ಟಿಗೆ ಧಾನ್ಯದ ಇತಿಹಾಸವನ್ನೇ ಬರೆದಿದ್ದಾರೆ. ಅದಕ್ಕೆ ಕಾರಣವೂ ಸ್ಪಷ್ಟವಾಗಿದೆ. ಧಾನ್ಯವು ಅಳತೆಗೆ ಸಿಕ್ಕುವ ವಸ್ತು. ಅಳತೆಗೆ ಸಿಕ್ಕುವುದು ತೆರಿಗೆಗೂ ಸಿಕ್ಕುತ್ತದೆ. ತೆರಿಗೆಗೆ ಸಿಕ್ಕಿದ್ದು ಶಾಸನಕ್ಕೂ ಕಡತಕ್ಕೂ ಏರುತ್ತದೆ. ಗದ್ದೆ, ಬೆದ್ದಲು, ಅಡಕೆಯ ತೋಟ, ಎಲೆಯ ತೋಟ ಇವುಗಳ ಉಲ್ಲೇಖ ಕನ್ನಡ ಶಾಸನಗಳಲ್ಲಿ ಹೇರಳವಾಗಿ ದೊರೆಯುವುದು ಇದರಿಂದಲೇ. ಮನೆಯ ಹಿಂದಿನ ಹಿತ್ತಲಿನಲ್ಲಿ ಬೆಳೆದು, ಮನೆಯ ಅಟ್ಟದಲ್ಲೇ ಉಳಿದು, ಮನೆಯ ಒಲೆಯ ಮೇಲೆ ಬೆಂದು ಮುಗಿದುಹೋದ ಕುಂಬಳ, ಸೌತೆ, ಕೆಸುಗಳಿಗೆ ಆ ಭಾಗ್ಯ ಒದಗಿದ್ದು ಅಪೂರ್ವ. ಲೆಕ್ಕಕ್ಕೆ ಬಾರದ ಈ ವಸ್ತುಗಳು ಸಣ್ಣ ಒಕ್ಕಲಿನ ಬದುಕಿನಲ್ಲಿ ಎಂಥ ಸ್ಥಾನವನ್ನು ಪಡೆದಿದ್ದವು, ಅವನ್ನು ಉಳಿಸಿಕೊಳ್ಳುವ ಮತ್ತು ಅಟ್ಟು ಉಣ್ಣುವ ಕ್ರಮಗಳಿಂದ ಚರಿತ್ರಕಾರನು ಏನನ್ನು ತಿಳಿಯಬಹುದು ಎಂಬುದನ್ನು ಪರಿಶೀಲಿಸುವುದೇ ಪ್ರಕೃತ ಲೇಖನದ ಉದ್ದೇಶ.

ವಿವೇಚನೆಯ ಕ್ಷೇತ್ರವನ್ನು ಮಲೆನಾಡಿಗೆ, ಅಂದರೆ ಶಿವಮೊಗ್ಗ ಜಿಲ್ಲೆಯ ಸಾಗರ, ಹೊಸನಗರ, ತೀರ್ಥಹಳ್ಳಿಗಳು, ಉತ್ತರ ಕನ್ನಡದ ಶಿರಸಿ, ಸಿದ್ಧಾಪುರಗಳು, ಚಿಕ್ಕಮಗಳೂರಿನ ಕೊಪ್ಪ, ಶೃಂಗೇರಿಗಳು ಸೇರಿದ ಸೀಮೆಗೆ ಮಿತಿಗೊಳಿಸಿದೆ. ಹೋಲಿಕೆಗಾಗಿ ಮಾತ್ರ ಒಮ್ಮೊಮ್ಮೆ ಕರಾವಳಿಗೂ ಮೈಸೂರಿನ ಬಯಲುಸೀಮೆಗೂ ಹೋಗಬೇಕಾಗುತ್ತದೆ.

೨

ಮೊದಲು ಕಾಲದ ವಿಚಾರ. ಮಲೆನಾಡಿನ ಗದ್ದೆಯಲ್ಲಿ ಆಷಾಢ ಶ್ರಾವಣಗಳಲ್ಲಿ ನಾಟಿಯಾದ ಭತ್ತ ಕೊಯ್ಲಿಗೆ ಬರುವುದು ಕಾರ್ತಿಕ ಮಾರ್ಗಶಿರಗಳಲ್ಲಿ. ಹಿಂದಿನ ವರ್ಷದ ಭತ್ತವಾದರೋ ಗೇಣಿಗೆ, ಬೀಜಕ್ಕೆ, ಸಾಲಕ್ಕೆ, ಊಟಕ್ಕೆ ಹೋಗಿ, ಭಾದ್ರಪದದ ಹೊತ್ತಿಗೆ ಪಣತದ ತಳ ಕಾಣಿಸತೊಡಗುತ್ತದೆ. ಹೀಗೆ ಹಳೆಯ ಧಾನ್ಯ ಮುಗಿಯುತ್ತ ಬಂದು ಹೊಸ ಧಾನ್ಯ ಇನ್ನೂ ಕೈಗೆ ಬಾರದಿರುವ ಎರಡು ತಿಂಗಳ ಸಂಧಿಯೇ ಶರದೃತು. ಕಾವ್ಯಗಳಲ್ಲಿ ನಿರ್ಮಲವಾದ ಆಕಾಶಕ್ಕೂ ಬೆಳುದಿಂಗಳಿಗೂ ಹೆಸರಾದ ಈ ಋತುವು ಬಡ ಒಕ್ಕಲಿಗೆ ಎಚ್ಚರದಿಂದ ದಾಟಬೇಕಾದ ಕಾಲವಾಗಿತ್ತು.

ಹಿತ್ತಲು ಫಲ ಕೊಡುವುದು ಸರಿಯಾಗಿ ಈ ಕಾಲದಲ್ಲಿಯೇ. ರೋಹಿಣಿ, ಮೃಗಶಿರ ಮಳೆಗಳಲ್ಲಿ ಊರಿದ ಬೀಜಗಳು ಬಳ್ಳಿಯಾಗಿ ಚಪ್ಪರಕ್ಕೂ ಬೇಲಿಗೂ ಹಬ್ಬಿ, ಉತ್ತರೆ, ಹಸ್ತ, ಚಿತ್ತೆ ಮಳೆಗಳ ಹೊತ್ತಿಗೆ ಸೌತೆ, ಮೊಗೆ, ಹೀರೆ, ಪಡವಲ, ಹಾಗಲಗಳನ್ನು ಕೊಡುತ್ತವೆ. ಬೂದುಗುಂಬಳವೂ ಚೀನಿಕಾಯಿ ಎಂದು ಇಲ್ಲಿ ಕರೆಯುವ ಸಿಹಿಗುಂಬಳವೂ ಬಲಿತು ನಿಲ್ಲುವುದು ಆಶ್ವಯುಜ ಕಾರ್ತಿಕಗಳಲ್ಲಿ. ಕೆಸುವಿನ ಗೆಡ್ಡೆ, ಸುವರ್ಣಗೆಡ್ಡೆಗಳು ಅವುಗಳ ಹಿಂದೆಯೇ ಬರುತ್ತವೆ. ಅಂದರೆ ತರಕಾರಿಯ ಸುಗ್ಗಿಯು ಧಾನ್ಯದ ಸುಗ್ಗಿಗಿಂತ ಒಂದೆರಡು ತಿಂಗಳು ಮುಂಚಿನದು. ಮುಂದಿನ ವಿಚಾರಗಳೆಲ್ಲ ಈ ಒಂದು ಸಂಗತಿಯ ಮೇಲೆ ನಿಂತಿವೆ.

ಆಶ್ವಯುಜದ ಹುಣ್ಣಿಮೆಯಂದು ಮಲೆನಾಡಿನ ಒಕ್ಕಲುಗಳು ಆಚರಿಸುವ ಭೂಮಿ ಹುಣ್ಣಿಮೆ ಈ ಸಂಧಿಕಾಲದ ಹಬ್ಬವಾಗಿದೆ. ಭತ್ತವು ಹೊಡೆಯೊಡೆಯುವ ಆ ದಿನಗಳಲ್ಲಿ ಭೂಮಿಯನ್ನು ಗರ್ಭಿಣಿಯೆಂದು ಭಾವಿಸಿ ಅವಳ ಬಯಕೆಯನ್ನು ತೀರಿಸುವುದೇ ಈ ಹಬ್ಬದ ತಿರುಳು. ಕೆಮ್ಮಣ್ಣು ಬಳಿದು ಅಕ್ಕಿಹಿಟ್ಟಿನಿಂದ ಚಿತ್ತಾರ ಬರೆದ ಬುಟ್ಟಿಯಲ್ಲಿ ಸೌತೆಯ ಕಡುಬು, ಹಿತ್ತಲಿನ ಕಾಯಿಗಳು, ಕಾಡಿನಿಂದ ಆರಿಸಿ ತಂದ ಹತ್ತಾರು ಬಗೆಯ ಸೊಪ್ಪು ಚಿಗುರುಗಳ ಪಲ್ಯ ಇವನ್ನು ಇರಿಸಿ, ನಸುಕಿನಲ್ಲಿಯೇ ಗದ್ದೆಗೆ ಒಯ್ದು ಚರಗ ಚೆಲ್ಲುತ್ತಾರೆ. ಕಾಗೆಗೂ ಇಲಿಗೂ ಅದರಲ್ಲಿ ಪಾಲುಂಟು. ಹಬ್ಬದ ಈ ಎಡೆಯಲ್ಲಿ ಪ್ರಾಧಾನ್ಯವಿರುವುದು ಸೊಪ್ಪು, ಕಾಯಿ, ಗೆಡ್ಡೆಗಳಿಗೆ ಎಂಬುದನ್ನು ಗಮನಿಸಬೇಕು. ಆ ತಿಂಗಳಲ್ಲಿ ಒಕ್ಕಲಿನ ಮನೆಯಲ್ಲಿ ಧಾರಾಳವಾಗಿದ್ದುದು ಅವೇ ಆದುದರಿಂದ ಭೂಮಿತಾಯಿಗೂ ಅವೇ ಸಂದವು.

೩

ಲಿಖಿತ ಆಧಾರಗಳು ಈ ವಿಷಯದಲ್ಲಿ ಎಷ್ಟರಮಟ್ಟಿಗೆ ನೆರವಾಗುತ್ತವೆ? ಕನ್ನಡಿಗರಿಗೆ ಪಾಕಶಾಸ್ತ್ರದ ಗ್ರಂಥಗಳ ಕೊರತೆಯಿಲ್ಲ. ಸುಮಾರು ೧೦೨೫ರಲ್ಲಿ ಎರಡನೆಯ ಚಾವುಂಡರಾಯನು ರಚಿಸಿದ ‘ಲೋಕೋಪಕಾರ’ದಲ್ಲಿ ವೃಕ್ಷಾಯುರ್ವೇದವೂ ಸೂಪಶಾಸ್ತ್ರವೂ ಒಂದೇ ಗ್ರಂಥದ ಬೇರೆ ಬೇರೆ ಅಧ್ಯಾಯಗಳಾಗಿ ಬಂದಿರುವುದು ಅರ್ಥಪೂರ್ಣವಾಗಿದೆ. ಬೆಳೆಯುವ ವಿದ್ಯೆಯೂ ಅಡುವ ವಿದ್ಯೆಯೂ ಗೃಹಸ್ಥನಿಗೆ ಉಪಕಾರಕವೆಂಬ ಭಾವನೆ ಇಲ್ಲಿದೆ. ೧೧೨೬ರಿಂದ ೧೧೩೮ರ ವರೆಗೆ ಆಳಿದ ಕಲ್ಯಾಣ ಚಾಲುಕ್ಯ ದೊರೆ ಮೂರನೆಯ ಸೋಮೇಶ್ವರನ ಸಂಸ್ಕೃತ ‘ಮಾನಸೋಲ್ಲಾಸ’ದ ಅನ್ನಭೋಗ ಪ್ರಕರಣ ಅರಮನೆಯ ಊಟದ ವಿಸ್ತಾರವಾದ ಚಿತ್ರವನ್ನು ಕೊಡುತ್ತದೆ. ಹದಿನಾರನೆಯ ಶತಮಾನದ ಮೊದಲ ಭಾಗದಲ್ಲಿ ಕಲ್ಲಹಳ್ಳಿಯ ಮೂರನೆಯ ಮಂಗರಸನು ಪದ್ಯರೂಪದಲ್ಲಿ ಬರೆದ ‘ಸೂಪಶಾಸ್ತ್ರ’ವು ಹಿಟ್ಟಿನ ಭಕ್ಷ್ಯಗಳು, ಪಾನಕಗಳು, ಅನ್ನದ ಬಗೆಗಳು ಇವುಗಳ ಜೊತೆಗೆ ಬದನೆ, ಬಾಳೆ, ಹಲಸು, ಕಳಲೆ, ನೆಲ್ಲಿ ಮುಂತಾದವುಗಳ ಪಾಕವನ್ನು ವಿವರಿಸುತ್ತದೆ. ಮಲೆನಾಡಿನ ಮಧ್ಯದಲ್ಲಿಯೇ ಆಳಿದ ಕೆಳದಿಯ ಬಸವಪ್ಪನಾಯಕನು ೧೭೦೯ರಲ್ಲಿ ಸಂಸ್ಕೃತದಲ್ಲಿ ರಚಿಸಿದ ‘ಶಿವತತ್ತ್ವರತ್ನಾಕರ’ದಲ್ಲಿ ಕೂಡ ಪಾಕಶಾಲೆಯ ಮತ್ತು ಅಡುಗೆಯ ವರ್ಣನೆಗೆ ಸ್ಥಳ ದೊರೆತಿದೆ.

ಇವೆಲ್ಲ ಅಮೂಲ್ಯವಾದ ಆಕರಗಳು. ಆದರೆ ಇವುಗಳ ದೃಷ್ಟಿ ರುಚಿಯ ಕಡೆಗೆ, ಪರಿಮಳದ ಕಡೆಗೆ, ಒಂದೇ ಕಾಯಿಯನ್ನು ಹತ್ತು ಬಗೆಯಲ್ಲಿ ಅಡುವ ಕೌಶಲದ ಕಡೆಗೆ ಹರಿದಿದೆ. ಅರಮನೆಯ ಬಾಣಸಿಗನಿಗೆ ಕಾಯಿ ಎಲ್ಲಿಂದ ಬಂತು, ನಾಳೆಗೆ ಉಳಿದೀತೇ ಎಂಬ ಚಿಂತೆ ಇರಲಿಲ್ಲ. ಒಕ್ಕಲಿನ ಮನೆಯಲ್ಲಿ ಅಡುವವಳಿಗೆ ಇದ್ದ ಮೊದಲ ಚಿಂತೆಯೇ ಅದು. ಗ್ರಂಥಗಳು ರುಚಿಯನ್ನು ಬರೆದಿಟ್ಟವು. ಕಾಲದ ಲೆಕ್ಕವನ್ನು ಮನೆಗಳು ಇಟ್ಟುಕೊಂಡವು.

ಈ ಮಾತಿಗೆ ವೈದ್ಯಗ್ರಂಥಗಳಲ್ಲಿ ಒಂದು ಮಟ್ಟಿನ ಅಪವಾದವುಂಟು. ಸುಶ್ರುತಸಂಹಿತೆಯು ಕೂಷ್ಮಾಂಡವನ್ನು, ಎಂದರೆ ಬೂದುಗುಂಬಳವನ್ನು, ಎಳೆಯದು, ನಡುಪ್ರಾಯದ್ದು, ಬಲಿತದ್ದು ಎಂದು ಮೂರಾಗಿ ವಿಂಗಡಿಸಿ, ಎಳೆಯದು ಪಿತ್ತಹರ, ನಡುವಿನದು ಕಫಕರ, ಬಲಿತದ್ದು ಹಗುರವೂ ಜಠರಾಗ್ನಿಯನ್ನು ಬೆಳಗಿಸುವಂಥದೂ ಆದದ್ದು ಎಂದು ಹೇಳುತ್ತದೆ. ಕಾಯಿಯ ವಯಸ್ಸಿನೊಡನೆ ಅದರ ಗುಣವೂ ಬದಲಾಗುತ್ತದೆ, ಬಲಿತದ್ದೇ ಶ್ರೇಷ್ಠವಾದದ್ದು ಎಂಬ ಈ ತಿಳಿವಳಿಕೆ ಬಹು ಪ್ರಾಚೀನವಾದದ್ದೆಂದು ಇದರಿಂದ ವಿದಿತವಾಗುತ್ತದೆ. ಅಟ್ಟಕ್ಕೆ ಏರಿಸುವ ಕಾಯಿಯನ್ನು ಬಳ್ಳಿಯಲ್ಲಿಯೇ ಪೂರ್ಣವಾಗಿ ಬಲಿಯಗೊಡುವ ಒಕ್ಕಲು ಮನೆಯ ಕ್ರಮವು ಈ ತಿಳಿವಳಿಕೆಗೆ ಅನುಗುಣವಾಗಿಯೇ ಇದೆ.

೪

ಅಟ್ಟದ ಮೇಲೆ ಸಾಲಾಗಿ ತೂಗುವ ಕಾಯಿಗಳೆಲ್ಲ ಒಂದೇ ಕಾಲದವಲ್ಲ. ಬೂದುಗುಂಬಳ, ಸೌತೆ, ಬದನೆ, ಪಡವಲ, ಕೆಸುಗಳು ಏಷ್ಯಾ ಖಂಡದ ಹಳೆಯ ಸಸ್ಯಗಳು. ಸಾರು ಹುಳಿಗಳಿಗೆ ಬಳಸುವ, ಹಳದಿ ಮೈಯ ಮೇಲೆ ಹಸಿರು ಪಟ್ಟೆಯುಳ್ಳ ಮೊಗೆಕಾಯಿ ಅಥವಾ ಮಂಗಳೂರು ಸೌತೆಯನ್ನು ನಾವು ಸೌತೆಯೆಂದೇ ಕರೆಯುತ್ತೇವಾದರೂ ಸಸ್ಯಶಾಸ್ತ್ರಜ್ಞರು ಅದನ್ನು ಕರಬೂಜದ ಜಾತಿಗೆ ಸೇರಿಸುತ್ತಾರೆ. ಸಿಹಿಗುಂಬಳವೂ ಮೆಣಸಿನಕಾಯಿಯೂ ಅಮೆರಿಕ ಖಂಡದಿಂದ ಬಂದವು. ೧೪೯೨ಕ್ಕೆ ಮೊದಲು ಅವು ಈ ದೇಶದಲ್ಲಿ ಇದ್ದಿರಲು ಸಾಧ್ಯವಿಲ್ಲ. ೧೫೧೦ರಲ್ಲಿ ಪೋರ್ಚುಗೀಸರು ಗೋವೆಯನ್ನು ಹಿಡಿದ ಮೇಲೆ, ಅವರು ವ್ಯಾಪಾರ ನಡೆಸಿದ ಹೊನ್ನಾವರ, ಬಸರೂರು, ಮಂಗಳೂರುಗಳಂಥ ರೇವುಗಳಿಂದ ಘಟ್ಟವನ್ನೇರಿ ಅವು ಮಲೆನಾಡನ್ನು ಸೇರಿದವೆಂದು ಊಹಿಸಬಹುದಾಗಿದೆ.

ಹೆಸರುಗಳು ಈ ಊಹೆಗೆ ಪೋಷಕವಾಗಿವೆ. ಒಕ್ಕಲಿಗನು ಹೊಸ ಕಾಯಿಯನ್ನು ತನಗೆ ಗೊತ್ತಿದ್ದ ಹಳೆಯ ಕಾಯಿಯ ಹೆಸರಿಗೆ ಒಂದು ವಿಶೇಷಣವನ್ನು ಸೇರಿಸಿ ‘ಸಿಹಿಗುಂಬಳ’ ಎಂದು ಕರೆದನು, ಇಲ್ಲವೆ ಹೊರಗಿನಿಂದ ಬಂದದ್ದೆಂಬ ಭಾವನೆಯಿಂದ ‘ಚೀನಿಕಾಯಿ’ ಎಂದನು. ಚೀನಾ ದೇಶಕ್ಕೂ ಈ ಕಾಯಿಯ ಮೂಲಕ್ಕೂ ಸಂಬಂಧವಿಲ್ಲ. ಕಡಲಾಚೆಯದು ಎಂಬಷ್ಟೇ ಆ ಹೆಸರಿನ ಅರ್ಥವಾಗಿರಬೇಕು. ‘ಮೆಣಸಿನಕಾಯಿ’ ಎಂಬ ಮಾತೂ ಹೀಗೆಯೇ ಹಳೆಯ ಮೆಣಸಿನಿಂದ ಹುಟ್ಟಿತು. ಹೊಸದು ಮನೆಮನೆಗೂ ಹಬ್ಬಿದ ಮೇಲೆ ಹಳೆಯದನ್ನೇ ಕರಿಮೆಣಸು, ಒಳ್ಳೆಮೆಣಸು, ಕಾಳುಮೆಣಸು ಎಂದು ಗುರುತಿಸಿ ಹೇಳಬೇಕಾಯಿತು.

ಶ್ರಾದ್ಧದ ಅಡುಗೆ ಇನ್ನೊಂದು ಸಾಕ್ಷ್ಯವನ್ನು ಒದಗಿಸುತ್ತದೆ. ಸಂಪ್ರದಾಯಸ್ಥರ ಅನೇಕ ಮನೆಗಳಲ್ಲಿ ಆ ದಿನ ಮೆಣಸಿನಕಾಯಿಗೆ ಬದಲಾಗಿ ಕರಿಮೆಣಸನ್ನು ಬಳಸುತ್ತಾರೆ. ಆಲೂಗೆಡ್ಡೆ, ಎಲೆಕೋಸು, ಟೊಮೆಟೊಗಳನ್ನು ವರ್ಜಿಸುತ್ತಾರೆ. ಪಿತೃಗಳಿಗೆ ಅವರು ಉಂಡದ್ದನ್ನೇ ಬಡಿಸಬೇಕೆಂಬ ಭಾವನೆಯಿಂದ ಹದಿನಾರನೆಯ ಶತಮಾನಕ್ಕೆ ಹಿಂದಿನ ಊಟದ ಒಂದು ಪಡಿಯಚ್ಚು ಹೀಗೆ ವರ್ಷಕ್ಕೊಮ್ಮೆ ನಮ್ಮೆದುರು ಬಂದು ನಿಲ್ಲುತ್ತದೆ. ಆದರೂ ಸಿಹಿಗುಂಬಳವು ಹಿತ್ತಲನ್ನು ಸೇರಲು ಅಡ್ಡಿಯಾಗಲಿಲ್ಲ. ಬೂದುಗುಂಬಳಕ್ಕಾಗಿ ರೂಢಿಯಾಗಿದ್ದ ಬಳ್ಳಿ, ಚಪ್ಪರ, ಅಟ್ಟ, ಬಾಳೆಯ ನಾರು ಇವೆಲ್ಲವೂ ಹೊಸ ಕಾಯಿಗೂ ಒಪ್ಪಿದವು. ಹಳೆಯ ಸಂಗ್ರಹಕ್ರಮವೇ ಹೊಸ ಬೆಳೆಗೆ ದಾರಿಯಾಯಿತೆಂದು ಹೇಳಿದರೆ ತಪ್ಪಾಗಲಾರದು.

೫

ಸಂಗ್ರಹವಿಧಾನವನ್ನು ಈಗ ವಿವರವಾಗಿ ನೋಡೋಣ. ಬೂದುಗುಂಬಳದಲ್ಲಿ ನೂರಕ್ಕೆ ತೊಂಬತ್ತಾರು ಭಾಗದಷ್ಟು ನೀರೇ ಇರುತ್ತದೆ. ಇಷ್ಟು ನೀರುಳ್ಳ ವಸ್ತು ಆರು ತಿಂಗಳ ಕಾಲ ಕೆಡದೆ ಇರುವುದು ಮೇಲುನೋಟಕ್ಕೆ ಆಶ್ಚರ್ಯವೆನಿಸುತ್ತದೆ. ಕಾಯಿ ಬಲಿತಾಗ ಸಿಪ್ಪೆ ಗಡುಸಾಗಿ, ಅದರ ಮೇಲೆ ಬೂದಿಯಂತೆ ಕಾಣುವ ಮೇಣದ ಪದರ ಕೂಡುತ್ತದೆ. ಒಳಗಿನ ನೀರು ಆರದಂತೆ, ಹೊರಗಿನ ತೇವ ಒಳಗಿಳಿಯದಂತೆ ಈ ಪದರ ತಡೆಯುತ್ತದೆ. ಆದುದರಿಂದಲೇ ಅಟ್ಟಕ್ಕೆ ಏರಿಸಬೇಕಾದ ಕುಂಬಳದ ಬೂದಿಯನ್ನು ಒರೆಸಬಾರದು, ಅದನ್ನು ತೊಳೆಯಬಾರದು ಎಂಬ ಕಟ್ಟಳೆ.

ಕೊಯ್ಯುವಾಗ ಕಾಯನ್ನು ಬಳ್ಳಿಯಿಂದ ಕಿತ್ತೆಳೆಯದೆ, ಬೆರಳುದ್ದ ತೊಟ್ಟು ಉಳಿಯುವಂತೆ ಕತ್ತಿಯಿಂದ ಕತ್ತರಿಸಬೇಕು. ತೊಟ್ಟು ಕಳಚಿದ ಕಾಯಿಯಲ್ಲಿ ಆ ಜಾಗವೇ ಕೊಳೆಗೆ ಬಾಗಿಲಾಗುತ್ತದೆ. ನೆಲಕ್ಕೆ ಬಿದ್ದದ್ದು, ಉಗುರು ತಾಕಿದ್ದು, ಹುಳು ಕುಟ್ಟಿದ್ದು ಇವನ್ನು ಬೇರೆಯಾಗಿಟ್ಟು ಮೊದಲು ಅಡುಗೆಗೆ ತೆಗೆದುಕೊಳ್ಳುತ್ತಾರೆ. ಉಳಿದುವನ್ನು ಗಾಳಿಯಾಡುವ ಬೆಚ್ಚನೆಯ ಜಾಗದಲ್ಲಿ ಎಂಟು ಹತ್ತು ದಿನ ಇರಿಸುತ್ತಾರೆ. ಈ ಅವಧಿಯಲ್ಲಿ ಸಿಪ್ಪೆಯ ಸಣ್ಣ ಗೀರುಗಳು ಒಣಗಿ ಗಟ್ಟಿಯಾಗುತ್ತವೆ. ಇಂದಿನ ತೋಟಗಾರಿಕಾ ಶಾಸ್ತ್ರವೂ ಸಂಗ್ರಹಕ್ಕೆ ಮುಂಚೆ ಹೀಗೆ ಹದಗೊಳಿಸುವುದನ್ನು ವಿಧಿಸುತ್ತದೆ.

ಅನಂತರ ಕಾಯಿಗಳು ಅಟ್ಟವನ್ನು ಸೇರುತ್ತವೆ. ಬಾಳೆಯ ಪಟ್ಟೆಯನ್ನು ಸೀಳಿ ಒಣಗಿಸಿದ ನಾರಿನಿಂದ ಒಂದೊಂದು ಕಾಯನ್ನೂ ಬೇರೆಬೇರೆಯಾಗಿ ಕಟ್ಟಿ, ಅಡುಗೆಮನೆಯ ಮೇಲಣ ತೊಲೆಗೂ ಗಳುಗಳಿಗೂ ತೂಗುಹಾಕುತ್ತಾರೆ. ಹೀಗೆ ಮಾಡುವುದರಿಂದ ಒಂದು ಕಾಯಿ ಮತ್ತೊಂದನ್ನು ತಾಕುವುದಿಲ್ಲ. ಒಂದು ಕೊಳೆತರೂ ಪಕ್ಕದ್ದು ಉಳಿಯುತ್ತದೆ. ಸ್ವಂತ ಭಾರದಿಂದ ಅಡಿಭಾಗ ನಲುಗುವುದಿಲ್ಲ. ಸುತ್ತಲೂ ಗಾಳಿಯಾಡುತ್ತದೆ. ಇಲಿಯ ಕಾಟವೂ ಕಡಿಮೆಯಾಗುತ್ತದೆ. ಕೆಳಗಿನ ಒಲೆಯಿಂದ ಏರುವ ಹೊಗೆ ಮತ್ತು ಬಿಸುಪು ಮಲೆನಾಡಿನ ತೇವದ ಹವೆಯನ್ನು ಒಣಗಿಸಿ, ಬೂಸಲನ್ನೂ ಹುಳುವನ್ನೂ ದೂರವಿಡುತ್ತವೆ. ಒಲೆ, ಅಟ್ಟ, ನಾಡಹಂಚು ಅಥವಾ ಹುಲ್ಲಿನ ಮಾಡು ಇವು ಮೂರೂ ಕೂಡಿ ಒಂದು ಸಂಗ್ರಹಯಂತ್ರದಂತೆ ಕೆಲಸ ಮಾಡುತ್ತಿದ್ದುವೆಂಬುದು ಇದರಿಂದ ತಿಳಿಯುತ್ತದೆ.

ಗೆಡ್ಡೆಗಳ ಕ್ರಮ ಬೇರೆ. ಕೆಸುವಿನ ಗೆಡ್ಡೆಯನ್ನೂ ಸುವರ್ಣಗೆಡ್ಡೆಯನ್ನೂ ಮಣ್ಣು ಕೊಡವಿ, ನೀರು ಸೋಕಿಸದೆ, ಒಣ ಮರಳಿನಲ್ಲಿ ಅಥವಾ ಬೂದಿಯಲ್ಲಿ ಕತ್ತಲೆಯ ಮೂಲೆಯಲ್ಲಿ ಇಡುತ್ತಾರೆ. ಸುವರ್ಣಗೆಡ್ಡೆ ಹಳೆಯದಾದಷ್ಟೂ ಬಾಯಿಯ ತುರಿಕೆ ಕಡಿಮೆಯಾಗುತ್ತದೆಂಬುದು ಒಕ್ಕಲು ಮನೆಗಳ ಅನುಭವ. ಬೀಜಗಳಾದರೋ ಬೂದಿಯೊಡನೆ ಕಲಸಲ್ಪಟ್ಟು ಗೋಡೆಗೆ ಅಂಟಿಕೊಂಡಿರುತ್ತಿದ್ದುವು. ಬಳ್ಳಿಯ ಚೆಲುವಾದ ಮೊದಲ ಕಾಯಿಗಳಲ್ಲಿ ಒಂದನ್ನು ಬೀಜಕ್ಕೆಂದು ಗುರುತಿಟ್ಟು ಬಿಡುವುದು, ಎಷ್ಟೇ ಕೊರತೆಯಿದ್ದರೂ ಅದನ್ನು ಮುಟ್ಟದಿರುವುದು ಮನೆಯ ಹಿರಿಯಳ ಹೊಣೆ.

ಕರಾವಳಿಯ ಕ್ರಮವನ್ನು ಇದರೊಡನೆ ಹೋಲಿಸಬಹುದು. ದಕ್ಷಿಣ ಕನ್ನಡದಲ್ಲಿ ಭತ್ತದ ಕೊಯ್ಲಾದ ಮೇಲೆ ಗದ್ದೆಯಲ್ಲಿಯೇ ಸೌತೆಯನ್ನು ಬೆಳೆದು, ಬೇಸಗೆಯ ಕೊನೆಗೆ ಮನೆಯ ಮಾಡಿಗೆ ತೂಗುಹಾಕಿ, ಮಳೆಗಾಲದಲ್ಲಿ ಬಳಸುತ್ತಾರೆ. ವಿಧಾನ ಒಂದೇ, ಎದುರಿಸಬೇಕಾದ ಋತು ಬೇರೆ. ಬಯಲುಸೀಮೆಯಲ್ಲಿ ಧಾನ್ಯದ ಸಂಗ್ರಹವೇ ಪ್ರಧಾನವಾಗಿ, ರಾಗಿಯನ್ನು ನೆಲದೊಳಗಿನ ಹಗೇವುಗಳಲ್ಲಿ ವರ್ಷಗಟ್ಟಲೆ ಇಡುತ್ತಿದ್ದರು. ಮಳೆ ಹೆಚ್ಚಿ ನೆಲ ಜಿನುಗುವ ಮಲೆನಾಡಿನಲ್ಲಿ ಹಗೇವು ಒಗ್ಗುವಂಥದಲ್ಲ. ಬಯಲಿನವನು ನೆಲವನ್ನು ಅಗೆದು ಇಳಿಸಿದನು. ಮಲೆನಾಡಿನವನು ಮಾಡಿಗೆ ಏರಿಸಿದನು.

೬

ಪಾಕದ ಕ್ರಮವೂ ಸಂಗ್ರಹದ ಕ್ರಮವನ್ನೇ ಅನುಸರಿಸುತ್ತದೆ. ಯಾವುದು ಮೊದಲು ಕೆಡುವುದೋ ಅದು ಮೊದಲು ಒಲೆಗೆ ಹೋಗಬೇಕು. ಎಳೆಯ ಸೌತೆ ಕೋಸಂಬರಿಗೂ ಸಾಸಿವೆಗೂ ಆಗುತ್ತದೆ. ಹೀರೆ, ಬೆಂಡೆ, ಬದನೆಗಳು ಉಳಿಯುವಂಥವಲ್ಲವಾದ್ದರಿಂದ ಆಶ್ವಯುಜ ಕಾರ್ತಿಕಗಳ ಪಲ್ಯ ಗೊಜ್ಜುಗಳಲ್ಲಿಯೇ ಮುಗಿಯುತ್ತವೆ. ಅವುಗಳ ಹಿಂದೆ ಚೀನಿಕಾಯಿ, ಎರಡು ಮೂರು ತಿಂಗಳ ಕಾಲ ಹುಳಿಗೂ ಕಡುಬಿಗೂ ಪಾಯಸಕ್ಕೂ ಬರುತ್ತದೆ. ಮೊಗೆಕಾಯಿಯ ಹುಳಿ ಚಳಿಗಾಲವನ್ನೆಲ್ಲ ಕಳೆಯುತ್ತದೆ. ಎಲ್ಲಕ್ಕೂ ಕೊನೆಯದು ಬೂದುಗುಂಬಳ. ವಾರಕ್ಕೊಮ್ಮೆ ಅಟ್ಟವನ್ನು ಹತ್ತಿ ಕಾಯಿಗಳನ್ನು ಮುಟ್ಟಿ, ತಟ್ಟಿ, ಮೂಸಿ ನೋಡಿ, ಮೆತ್ತಗಾದುದನ್ನು ಕೆಳಗಿಳಿಸುವುದು ಮನೆಯ ಹೆಂಗಸರ ಕೆಲಸವಾಗಿತ್ತು. ನಾಳೆ ಏನು ಅಡಬೇಕೆಂಬುದನ್ನು ಬಹುಮಟ್ಟಿಗೆ ಈ ಪರೀಕ್ಷೆಯೇ ಗೊತ್ತುಮಾಡುತ್ತಿತ್ತು.

ಹೆಗ್ಗುಂಬಳವೊಂದನ್ನು ಹೋಳುಮಾಡಿದರೆ ಅದು ಒಂದು ಮನೆಯಲ್ಲಿ ಒಂದು ದಿನಕ್ಕೆ ಮುಗಿಯುವುದಿಲ್ಲ. ಆದುದರಿಂದ ನೆರೆಮನೆಗೆ ಹೋಳು ಕಳುಹಿಸುವುದು ಪದ್ಧತಿ. ಅವರು ತಮ್ಮ ಕುಂಬಳವನ್ನು ಒಡೆದ ದಿನ ಇವರಿಗೂ ಹೋಳು ಬರುತ್ತದೆ. ಅನೇಕ ಮನೆಗಳಲ್ಲಿ ಇಡಿಯ ಬೂದುಗುಂಬಳಕ್ಕೆ ಮೊದಲ ಪೆಟ್ಟನ್ನು ಗಂಡಸೇ ಹಾಕಬೇಕೆಂಬ ನಂಬಿಕೆಯೂ ಇದೆ. ಬಲಿಗೆ ಬದಲಾಗಿ ಕೂಷ್ಮಾಂಡವನ್ನು ಒಡೆಯುವ ಪ್ರಾಚೀನ ಸಂಪ್ರದಾಯ, ಮಹಾನವಮಿಯ ಆಯುಧಪೂಜೆಯಲ್ಲಿ ಇಂದಿಗೂ ಉಳಿದಿರುವಂಥದು, ಈ ನಂಬಿಕೆಯ ಮೂಲವಾಗಿರಬಹುದು.

ಕಾಯಿಯ ಯಾವ ಭಾಗವೂ ವ್ಯರ್ಥವಾಗುತ್ತಿರಲಿಲ್ಲ. ಬೂದುಗುಂಬಳದ ತಿರುಳು ಮಜ್ಜಿಗೆಹುಳಿಗೆ, ದೋಸೆಗೆ, ಹಬ್ಬದ ದಿನ ಕಾಶಿಹಲ್ವಕ್ಕೆ, ಸಿಪ್ಪೆ ಚಟ್ನಿಗೆ, ಸೌತೆಯ ಬೀಜ ತಂಬುಳಿಗೆ, ಚೀನಿಕಾಯಿಯ ಎಳೆಯ ಕುಡಿ ಮತ್ತು ಹೂವು ಪಲ್ಯಕ್ಕೆ. ಕೆಸುವಿನ ಎಲೆ, ದಂಟು, ಗೆಡ್ಡೆ ಮೂರಕ್ಕೂ ಹುಣಸೆಯ ಹುಳಿ ಬೇಕೇ ಬೇಕು. ಗಂಟಲನ್ನು ಕೆರೆಯುವ ಸೂಜಿಯಂಥ ಹರಳುಗಳು ಅದರಲ್ಲಿವೆ ಎಂಬುದನ್ನು ರಸಾಯನಶಾಸ್ತ್ರ ಹೇಳುವುದಕ್ಕೆ ಬಹಳ ಮುಂಚೆಯೇ ಅದರ ಪರಿಹಾರ ಅಡುಗೆಮನೆಗೆ ಗೊತ್ತಿತ್ತು.

ಇಲ್ಲಿ ಒಂದು ಪ್ರಶ್ನೆ ಏಳುತ್ತದೆ. ನೀರೇ ಹೆಚ್ಚಾಗಿರುವ ಕುಂಬಳವೂ ಸೌತೆಯೂ ಹಸಿವನ್ನು ಎಷ್ಟು ತಣಿಸಬಲ್ಲವು? ಅವು ಅನ್ನದ ಸ್ಥಾನವನ್ನು ತುಂಬಲಾರವು ಎಂಬುದು ನಿಜ. ಆ ಕೆಲಸ ಸ್ವಲ್ಪಮಟ್ಟಿಗೆ ಗೆಡ್ಡೆಗಳದ್ದು. ಆದರೆ ಸೌತೆಯ ದೋಸೆ, ಕುಂಬಳದ ದೋಸೆ, ಸೌತೆಯ ಕಡುಬು ಇವುಗಳ ರಚನೆಯನ್ನು ಗಮನಿಸಿದರೆ ಒಂದು ಸಂಗತಿ ಹೊಳೆಯುತ್ತದೆ. ಇವೆಲ್ಲ ಅಕ್ಕಿಯ ಹಿಟ್ಟಿಗೆ ತುರಿದ ಕಾಯನ್ನು ಸೇರಿಸಿ ಮಾಡುವ ತಿನಿಸುಗಳು. ಎರಡು ಸೇರು ಅಕ್ಕಿ ಬೇಕಾಗುವಲ್ಲಿ ಅದಕ್ಕಿಂತ ಕಡಿಮೆಯಿಂದ ಮನೆಮಂದಿಯ ಎಲೆ ತುಂಬುತ್ತದೆ. ಇಂದು ನಾವು ರುಚಿಗಾಗಿ ಮಾಡಿ ಉಣ್ಣುವ ಈ ತಿನಿಸುಗಳು ಅಕ್ಕಿಯನ್ನು ಉಳಿಸುವ ಉಪಾಯವಾಗಿ ಬೆಳೆದುಬಂದಿರಬೇಕೆಂದು ಭಾವಿಸಲು ಆಸ್ಪದವಿದೆ.

ಸಂಗ್ರಹದ ಕೊನೆಯ ಘಟ್ಟ ಸಂಡಿಗೆ. ಕಾರ್ತಿಕದಲ್ಲಿ ಬಲಿತ ಬೂದುಗುಂಬಳವನ್ನು ಆಗಲೇ ಒಣಗಿಸೋಣವೆಂದರೆ ಮಲೆನಾಡಿನ ಮಂಜು ಮತ್ತು ಮೋಡ ಬಿಡುವುದಿಲ್ಲ. ಕಾಯಿ ತೂಗುತ್ತ ಫಾಲ್ಗುಣ ಚೈತ್ರಗಳ ಬಿಸಿಲನ್ನು ಕಾಯುತ್ತದೆ. ಆಗ ಅದನ್ನು ಕೊಚ್ಚಿ, ಉದ್ದಿನ ಹಿಟ್ಟಿನೊಡನೆ ಅಥವಾ ಭತ್ತದ ಅರಳಿನೊಡನೆ ಕಲಸಿ ಸಂಡಿಗೆ ಇಡುತ್ತಾರೆ. ಒಣಗಿದ ಸಂಡಿಗೆ ಡಬ್ಬವನ್ನು ಸೇರಿ, ಹಿತ್ತಲಿನಲ್ಲಿ ಏನೂ ಇಲ್ಲದ ಆಷಾಢದ ಜಡಿಮಳೆಯಲ್ಲಿ ಎಣ್ಣೆಗೆ ಬೀಳುತ್ತದೆ. ಅಷ್ಟರಲ್ಲಿ ಹೊಸ ಬಳ್ಳಿ ಚಪ್ಪರಕ್ಕೆ ಏರಿರುತ್ತದೆ. ಹೀಗೆ ಒಂದು ಕಾಯಿ ಚಳಿಗಾಲವನ್ನು ಹಸಿಯಾಗಿಯೂ ಮಳೆಗಾಲವನ್ನು ಒಣಗಿಯೂ ದಾಟಿ, ಒಂದು ವರ್ಷದ ಚಕ್ರವನ್ನು ಪೂರ್ಣಗೊಳಿಸುತ್ತದೆ.

೭

ಅಳತೆಯ ವಿಚಾರವನ್ನು ಮೊದಲಿಗೆ ಪ್ರಸ್ತಾಪಿಸಿದೆವು. ಅದಕ್ಕೆ ಮತ್ತೆ ಬರಬೇಕು. ಮಲೆನಾಡಿನ ಗೇಣಿಯ ಕರಾರು ಸಾಮಾನ್ಯವಾಗಿ ಭತ್ತದ ಲೆಕ್ಕದಲ್ಲಿ ಇರುತ್ತಿತ್ತು. ಕಣದಲ್ಲಿ ಕೊಳಗದಿಂದ ಅಳೆದು ಒಡೆಯನ ಪಾಲನ್ನು ಮೊದಲು ಎತ್ತಿಡುತ್ತಿದ್ದರು. ೧೯೫೧ರಲ್ಲಿ ಸಾಗರ ಸೀಮೆಯ ಕಾಗೋಡಿನಲ್ಲಿ ಗೇಣಿದಾರರು ಹೂಡಿದ ಸತ್ಯಾಗ್ರಹಕ್ಕೆ ಈ ಅಳತೆಯ ಕೊಳಗದ ಗಾತ್ರವೇ ಕಾರಣವಾಯಿತೆಂಬುದು ಪ್ರಸಿದ್ಧವಾಗಿದೆ. ಧಾನ್ಯದ ಮೇಲೆ ಒಕ್ಕಲಿಗೆ ಇದ್ದ ಹಕ್ಕು ಅಷ್ಟು ಸಂದಿಗ್ಧವಾದದ್ದು. ಹಬ್ಬಕ್ಕೆ ಒಂದೆರಡು ಕಾಯಿ ಒಡೆಯನ ಮನೆಗೆ ಕಾಣಿಕೆಯಾಗಿ ಹೋಗುತ್ತಿದ್ದರೂ ಹಿತ್ತಲಿನ ಬಳ್ಳಿಗೆ ಕೊಳಗವಿರಲಿಲ್ಲ. ಅಟ್ಟದ ಮೇಲಿನ ಕುಂಬಳಗಳನ್ನು ಯಾರೂ ಅಳೆದು ಒಯ್ಯುತ್ತಿರಲಿಲ್ಲ. ತಾನು ಬೆಳೆದದ್ದರಲ್ಲಿ ತನ್ನದೇ ಎಂದು ಗೇಣಿದಾರನ ಮನೆಯವರು ನಿಶ್ಚಯವಾಗಿ ಹೇಳಬಹುದಾಗಿದ್ದ ಪಾಲು ಪ್ರಾಯಃ ಇದೊಂದೇ. ಶಾಸನದಲ್ಲಿಯೂ 'ಕಡತ'ದಲ್ಲಿಯೂ ಇಲ್ಲದಿರುವಿಕೆಯೇ ಅದರ ಬೆಲೆಗೆ ಕಾರಣವಾಗಿತ್ತು. ೧೯೭೪ರ ಭೂಸುಧಾರಣೆಯ ತಿದ್ದುಪಡಿಯಿಂದ ಗೇಣಿಯ ಪದ್ಧತಿ ಕೊನೆಗಂಡಿತು. ಅದಕ್ಕೆ ಹಿಂದಿನ ಬದುಕನ್ನು ತಿಳಿಯಬೇಕಾದರೆ ಕಣದ ಲೆಕ್ಕದೊಡನೆ ಅಟ್ಟದ ಲೆಕ್ಕವನ್ನೂ ಸೇರಿಸಬೇಕು.

ಆದರೆ ಈ ಸಂಗ್ರಹಕ್ಕೆ ಇದ್ದ ಮಿತಿಯನ್ನು ಮರೆತು ಹಳೆಯ ಕಾಲವನ್ನು ಕೊಂಡಾಡುವುದು ಚರಿತ್ರಕಾರನಿಗೆ ಸಲ್ಲದು. ಅಟ್ಟ ತುಂಬುವುದು ಮಳೆ ಬಂದರೆ ಮಾತ್ರ. ೧೮೭೬ರಿಂದ ೧೮೭೮ರ ವರೆಗಿನ ಮಹಾಕ್ಷಾಮದಲ್ಲಿ ಮೈಸೂರು ಸಂಸ್ಥಾನದ ಬಯಲುಸೀಮೆಯ ಜನ ಲಕ್ಷಗಟ್ಟಲೆಯಾಗಿ ಅಳಿದರು. ೧೮೭೧ರ ಜನಗಣತಿಯಲ್ಲಿ ಸುಮಾರು ೫೦ ಲಕ್ಷವಿದ್ದ ಸಂಸ್ಥಾನದ ಜನಸಂಖ್ಯೆ ೧೮೮೧ರಲ್ಲಿ ಸುಮಾರು ೪೨ ಲಕ್ಷಕ್ಕೆ ಇಳಿದಿತ್ತು. ಹಗೇವಿನ ರಾಗಿಯೂ ಮುಗಿದುಹೋಗುವಂಥ ಅಂಥ ಕ್ಷಾಮವನ್ನು ಯಾವ ಮನೆಯ ಅಟ್ಟವೂ ತಡೆಯಲಾರದು. ಮನೆಯ ಸಂಗ್ರಹವು ವಾರಗಳ ಕೊರತೆಯನ್ನು ದಾಟಿಸಬಲ್ಲದು, ವರ್ಷಗಳ ಕೊರತೆಯನ್ನಲ್ಲ. ಮೊದಲನೆಯದು ಗೃಹಿಣಿಯ ಜಾಣ್ಮೆಗೆ ಸೇರಿದ್ದು. ಎರಡನೆಯದು ರಾಜ್ಯದ ಹೊಣೆಗೆ ಸೇರಿದ್ದು.

೮

ಇಂದು ಮಲೆನಾಡಿನಲ್ಲಿಯೂ ಮಾಡುಗಳು ತಾರಸಿಗೆ ಎಡೆಗೊಟ್ಟಿವೆ. ಅನಿಲದ ಒಲೆಗೆ ಹೊಗೆಯಿಲ್ಲ. ಅಟ್ಟವಿದ್ದರೂ ಅದು ಬಿಸಿಲಿಗೆ ಕಾಯುತ್ತದೆ. ಹೊಗೆಯಿಂದ ಹೆಂಗಸರ ಕಣ್ಣಿಗೂ ಶ್ವಾಸಕೋಶಕ್ಕೂ ಆಗುತ್ತಿದ್ದ ಕೇಡನ್ನು ನೆನೆದರೆ ಈ ಬದಲಾವಣೆ ಶೋಚನೀಯವೆಂದು ಹೇಳಲಾಗದು. ಶೀತಕಪೆಟ್ಟಿಗೆ ಅಟ್ಟದ ಸ್ಥಾನವನ್ನು ತುಂಬಿತೆಂಬ ಎಣಿಕೆ ಮಾತ್ರ ಪೂರ್ಣವಾಗಿ ಸರಿಯಲ್ಲ. ಕುಂಬಳ ಸೌತೆಗಳ ಜಾತಿಯ ಇಡಿಯ ಕಾಯಿಗಳು ಹತ್ತು ಡಿಗ್ರಿ ಸೆಂಟಿಗ್ರೇಡಿಗಿಂತ ಕೆಳಗಿನ ಚಳಿಯಲ್ಲಿ ಬಹುಕಾಲ ಇದ್ದರೆ ಒಳಗೊಳಗೇ ಕೆಡುತ್ತವೆ. ಗಾಳಿಯಾಡುವ, ಒಣ, ಮಿತವಾದ ತಂಪಿನ ಜಾಗವೇ ಅವಕ್ಕೆ ತಕ್ಕದ್ದು. ಹೊಗೆಯಿಲ್ಲದೆಯೂ ಅಂಥ ಒಂದು ಜಾಗವನ್ನು ಮನೆಯಲ್ಲಿ ಕಲ್ಪಿಸಿಕೊಳ್ಳಲು ಅಡ್ಡಿಯಿಲ್ಲ.

ಅಟ್ಟಕ್ಕಿಂತ ಬೇಗ ಮರೆಯಾಗುವಂಥದು ಅಟ್ಟದ ತಿಳಿವಳಿಕೆ. ಯಾವ ತೊಟ್ಟು ಉಳಿದೀತು, ಯಾವ ಕಾಯಿ ಬೀಜಕ್ಕೆ ತಕ್ಕದ್ದು, ಯಾವ ಮಳೆಯಲ್ಲಿ ಊರಿದ ಬಳ್ಳಿಯ ಕುಂಬಳ ಚೈತ್ರದ ವರೆಗೆ ಬಾಳೀತು ಎಂಬುದನ್ನು ಲೋಕೋಪಕಾರದಲ್ಲಿ ಹುಡುಕಿದರೆ ಸಿಕ್ಕುವುದಿಲ್ಲ, ಸೂಪಶಾಸ್ತ್ರದಲ್ಲಿಯೂ ಸಿಕ್ಕುವುದಿಲ್ಲ. ಅದು ಈಗ ವೃದ್ಧೆಯರಾಗಿರುವ ಕೆಲವರ ನೆನಪಿನಲ್ಲಿ ಮಾತ್ರ ಇದೆ. ಶಾಸನಗಳ ಪಡಿಯಚ್ಚು ತೆಗೆಯುವುದಕ್ಕೂ ಓಲೆಯ ಕಟ್ಟುಗಳನ್ನು ಶೋಧಿಸುವುದಕ್ಕೂ ನಮ್ಮ ವಿಭಾಗಗಳು ತೋರಿದ ಶ್ರದ್ಧೆ ಶ್ಲಾಘ್ಯವಾದದ್ದು. ಅದೇ ಶ್ರದ್ಧೆಯಿಂದ ವಿದ್ಯಾರ್ಥಿಗಳು ರಜೆಗೆ ತಮ್ಮ ಊರುಗಳಿಗೆ ಹೋದಾಗ ಅಜ್ಜಿಯರ ಬಳಿ ಕುಳಿತು, ಕಾಯಿಗಳ ಹೆಸರು, ಬಿತ್ತುವ ಮಳೆ, ಕಟ್ಟುವ ನಾರು, ಅಡುವ ಕ್ರಮ ಇವನ್ನು ಊರೂರಿನ ಪ್ರಕಾರ ಬರೆದುಕೊಂಡು ಬಂದರೆ, ಕರ್ನಾಟಕದ ಕೃಷಿಯ ಚರಿತ್ರೆಗೆ ಇದುವರೆಗೆ ಇಲ್ಲದ ಒಂದು ಅಧ್ಯಾಯ ದೊರೆಯುತ್ತದೆ. ಶಾಸನದ ಕಲ್ಲು ಇನ್ನೂ ನೂರು ವರ್ಷ ಕಾದೀತು; ಈ ಆಕರಕ್ಕೆ ಅಷ್ಟು ಆಯುಷ್ಯವಿಲ್ಲ.